ಮಳೆ ಚೆನ್ನಾಗಿ ಬಂದರೂ ಬೋರ್‌ನಲ್ಲಿ ನೀರು ಇಳಿಯುತ್ತಲೇ ಇದೆ, ಯಾಕೆ?

ಬಾವಿಕಟ್ಟೆ
ಎಲ್ಲರಿಗೂ ನಮಸ್ಕಾರ. ಒಂದು ವಿಷಯ ತಲೆಗೆ ಹೋಗುತ್ತಿಲ್ಲ, ಗೊತ್ತಿದ್ದವರು ಬಿಡಿಸಿ ಹೇಳಿ. ಎರಡು ವರ್ಷದಿಂದ ಮಳೆಗೆ ಕೊರತೆ ಇಲ್ಲ. ಆದರೂ ಬೋರ್‌ನಲ್ಲಿ ನೀರು ಮೇಲೆ ಬಂದಿಲ್ಲ. ಮೋಟಾರ್ ಹಾಕಿದರೆ ಸ್ವಲ್ಪ ಹೊತ್ತು ಚೆನ್ನಾಗಿ ಬರುತ್ತದೆ, ಆಮೇಲೆ ಬರೀ ಗಾಳಿ. ಪಕ್ಕದವರು ಹೋದ ಬೇಸಿಗೆಯಲ್ಲಿ ನಮಗಿಂತ ಆಳಕ್ಕೆ ಕೊರೆಸಿದರು. ರಿಗ್‌ನವರು ನಮಗೂ ಅದನ್ನೇ ಹೇಳುತ್ತಿದ್ದಾರೆ, ಇನ್ನೂ ಕೆಳಗೆ ಹೋಗಿ, ಅಲ್ಲಿ ಬೇಕಾದಷ್ಟು ನೀರಿದೆ ಅಂತ. ನಿಜವಾಗಿ ಇದೆಯಾ? ಇಷ್ಟು ದೊಡ್ಡ ಭೂಮಿಗೆ ನಾವು ಎತ್ತುವ ನೀರು ಒಂದು ಲೆಕ್ಕವಾ? ಒಳ್ಳೆ ಮಳೆ ಬಂದರೆ ಎಲ್ಲ ಮತ್ತೆ ತುಂಬಿಕೊಳ್ಳಬೇಕು ಅಲ್ವಾ?

ಸೆಲೆಹುಡುಕ
ಬಾವಿಕಟ್ಟೆ ಅವರೇ, ಮೊದಲು ಕೆಳಗೆ ಏನಿದೆ ಅಂತ ನೋಡೋಣ. ತುಂಬಾ ಜನ ನೆಲದ ಕೆಳಗೆ ಹೊಳೆ ಹರಿಯುತ್ತದೆ, ಇಲ್ಲವೇ ದೊಡ್ಡ ಕೆರೆ ಇದೆ ಅಂದುಕೊಂಡಿದ್ದಾರೆ. ಸುಣ್ಣಕಲ್ಲಿನ ಗುಹೆಗಳಿರುವ ಜಾಗ ಬಿಟ್ಟರೆ ಹಾಗಿರುವುದಿಲ್ಲ. ನೀರು ಇರುವುದು ಮರಳಿನ ಕಾಳುಗಳ ನಡುವೆ, ಬಂಡೆಯ ಬಿರುಕಿನಲ್ಲಿ. ಮರಳು, ಜಲ್ಲಿ ತುಂಬಿದ ನೆಲವಾದರೆ 100 ಲೀಟರ್ ಜಾಗದಿಂದ 15ರಿಂದ 25 ಲೀಟರ್ ನೀರು ಸಿಗುತ್ತದೆ. ಗಟ್ಟಿ ಬಂಡೆಯಾದರೆ 1ರಿಂದ 3 ಲೀಟರ್, ಅಷ್ಟೇ.

ಈಗ ಒಂದು ಲೆಕ್ಕ ಹಾಕಿ. ಒಂದು ವರ್ಷದಲ್ಲಿ ಇಂಗಿದ್ದಕ್ಕಿಂತ ಎತ್ತಿದ್ದು ಜಾಸ್ತಿ ಆಯ್ತು ಅನ್ನಿ. ಆ ಜಾಸ್ತಿಯಾದ ನೀರನ್ನು ಅದೇ ನೆಲದ ಮೇಲೆ ಹರಡಿದರೆ 100 ಮಿಲಿಮೀಟರ್ ನಿಲ್ಲುತ್ತದೆ ಅಂತ ಇಟ್ಟುಕೊಳ್ಳಿ, ಅಂದರೆ ಒಂದು ಗೇಣಿನಷ್ಟೂ ಇಲ್ಲ. ನೆಲ ಮರಳಾಗಿದ್ದು 100ಕ್ಕೆ 20ರಷ್ಟು ನೀರು ಕೊಡುವಂಥದ್ದಾದರೆ ಮಟ್ಟ ಅರ್ಧ ಮೀಟರ್ ಇಳಿಯುತ್ತದೆ. ಬಂಡೆಯಾಗಿದ್ದು 100ಕ್ಕೆ 2ರಷ್ಟು ಮಾತ್ರ ಕೊಡುವಂಥದ್ದಾದರೆ ಪೂರ್ತಿ 5 ಮೀಟರ್ ಇಳಿಯುತ್ತದೆ. ಎತ್ತಿದ್ದು ಅಷ್ಟೇ ನೀರು, ಇಳಿದದ್ದು ಹತ್ತು ಪಟ್ಟು. ನಿಮ್ಮ ಮೋಟಾರ್ ಗಾಳಿ ಉಗುಳುವುದಕ್ಕೆ ಇದೇ ಕಾರಣ ಇರಬೇಕು. ಬಿರುಕಿನಲ್ಲಿದ್ದ ನೀರು ಬೇಗ ಖಾಲಿಯಾಗುತ್ತದೆ, ಸುತ್ತಲಿನ ನೀರು ಸಣ್ಣ ಸಂದಿಗಳಿಂದ ಜಿನುಗಿ ಬರಲು ಹೊತ್ತು ಬೇಕು.

ಇನ್ನು ಮಳೆಯ ವಿಷಯ. ಬಿದ್ದ ಮಳೆಯೆಲ್ಲ ಕೆಳಗೆ ಹೋಗುವುದಿಲ್ಲ. ಸ್ವಲ್ಪ ಹರಿದು ಹೋಗುತ್ತದೆ, ಸ್ವಲ್ಪ ಆವಿಯಾಗುತ್ತದೆ, ಬೇರುಗಳು ತಮ್ಮ ಪಾಲು ತೆಗೆದುಕೊಳ್ಳುತ್ತವೆ. ಗಟ್ಟಿ ಬಂಡೆಯ ನೆಲದಲ್ಲಿ ಹತ್ತರಲ್ಲಿ ಒಂದು ಪಾಲು ಇಂಗಿದರೂ ಒಳ್ಳೆಯದೇ. ಒಂದೇ ಸಲ ಧೋ ಅಂತ ಸುರಿದರೆ ಅದೂ ಇಲ್ಲ. ಹಾಗಾಗಿ ಮಳೆ ಚೆನ್ನಾಗಿ ಬಂದಿತು ಅಂದ ಮಾತ್ರಕ್ಕೆ ನೆಲದೊಳಗೆ ನೀರು ಚೆನ್ನಾಗಿ ಸೇರಿತು ಅಂತ ಆಗಲಿಲ್ಲ.

ಕೊಡಪಾನ
ಸರ್, ಆದರೆ ಇನ್ನೂ ಆಳಕ್ಕೆ ಹೋದರೆ ನೀರು ಸಿಗುವುದು ನಿಜ ತಾನೇ? ಎಷ್ಟೋ ಕಡೆ ಸಿಕ್ಕಿದೆಯಲ್ಲ.

ಸೆಲೆಹುಡುಕ
ಸಿಗಬಹುದು. ಸಿಕ್ಕರೆ ಅದು ಯಾವ ಕಾಲದ ನೀರು ಅಂತ ಕೇಳಬೇಕು. 2016ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ನೆಲಮಟ್ಟದಿಂದ 2 ಕಿಲೋಮೀಟರ್ ಆಳದವರೆಗೆ ಇರುವ ಒಟ್ಟು ಅಂತರ್ಜಲದಲ್ಲಿ ಕಳೆದ 50 ವರ್ಷದಲ್ಲಿ ಇಂಗಿದ್ದು 100ಕ್ಕೆ 6ಕ್ಕಿಂತ ಕಡಿಮೆ. ಉಳಿದದ್ದು ಹಳೆಯದು. ಕೆಲವು ಕಡೆ ಸಾವಿರಾರು ವರ್ಷ ಹಳೆಯದು. ಸಹಾರಾ ಮರುಭೂಮಿಯ ಕೆಳಗೆ ಲಿಬಿಯಾ, ಈಜಿಪ್ಟ್, ಚಾಡ್, ಸೂಡಾನ್ ನಾಲ್ಕೂ ದೇಶಕ್ಕೆ ಹರಡಿದ ನೂಬಿಯನ್ ಮರಳುಗಲ್ಲಿನ ಜಲಪದರ ಇದೆ. ಅಲ್ಲಿ ಮಳೆ ಚೆನ್ನಾಗಿ ಬೀಳುತ್ತಿದ್ದ ಕಾಲದಲ್ಲಿ ಇಂಗಿದ ನೀರು ಅದು. ಈಗ ಅದಕ್ಕೆ ಮೇಲಿಂದ ಬಂದು ಸೇರುವುದು ಇಲ್ಲವೆನ್ನುವಷ್ಟು ಕಡಿಮೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅಂತಾರಲ್ಲ, ಹಾಗೆ.

ಸೌದಿ ಅರೇಬಿಯಾದವರು 1980ರ ದಶಕದಲ್ಲಿ ಇಂಥದ್ದೇ ಹಳೆಯ ನೀರೆತ್ತಿ ಮರುಭೂಮಿಯಲ್ಲಿ ಗೋಧಿ ಬೆಳೆದರು. ತಮಗೆ ಸಾಕಾಗಿ ಹೊರದೇಶಕ್ಕೂ ಕಳಿಸಿದರು. ನೀರು ಇಳಿಯುತ್ತಾ ಹೋಯಿತು. 2008ರಲ್ಲಿ ಸರ್ಕಾರವೇ ಗೋಧಿ ಬೆಳೆ ಕಡಿಮೆ ಮಾಡಿ 2016ರ ಹೊತ್ತಿಗೆ ನಿಲ್ಲಿಸುವುದು ಅಂತ ತೀರ್ಮಾನಿಸಿತು. ಹಣಕ್ಕೂ ತಂತ್ರಕ್ಕೂ ಕೊರತೆ ಇಲ್ಲದ ದೇಶ ಅದು.

ಇನ್ನೊಂದು ವಿಷಯ. ಆಳದ ನೀರು ಬಂಡೆಯ ಜೊತೆ ತುಂಬಾ ಕಾಲ ಇದ್ದಿರುವುದರಿಂದ ಬಂಡೆಯಲ್ಲಿರುವುದು ನೀರಿಗೂ ಬರುತ್ತದೆ. ಕೆಲವು ಬಂಡೆಗಳಲ್ಲಿ ಫ್ಲೋರೈಡ್. ಕುಡಿಯುವ ನೀರಿಗೆ ಲೀಟರ್‌ಗೆ 1.5 ಮಿಲಿಗ್ರಾಂ ಮಿತಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲಿಗೆ ಕಲೆ, ಇನ್ನೂ ಜಾಸ್ತಿಯಾದರೆ ಮೂಳೆಗೆ ತೊಂದರೆ. ಹೊಸದಾಗಿ ಆಳಕ್ಕೆ ಕೊರೆಸಿದವರು ದಯವಿಟ್ಟು ನೀರು ಪರೀಕ್ಷೆ ಮಾಡಿಸಿ. ಬಣ್ಣ, ರುಚಿಯಿಂದ ಇದು ಗೊತ್ತಾಗುವುದಿಲ್ಲ.

ಲೆಕ್ಕಿಗ
"ನಾವು ಎತ್ತುವ ನೀರು ಒಂದು ಲೆಕ್ಕವಾ" ಅಂತ ಕೇಳಿದ್ದೀರಲ್ಲ, ಲೆಕ್ಕವೇ. ಮಂಜುಗಡ್ಡೆ ಬಿಟ್ಟರೆ ಭೂಮಿಯ ಮೇಲಿರುವ ಸಿಹಿನೀರಿನಲ್ಲಿ 100ಕ್ಕೆ ಸುಮಾರು 99 ಪಾಲು ಅಂತರ್ಜಲವೇ. ಕಣ್ಣಿಗೆ ಕಾಣುವ ಹೊಳೆ, ಕೆರೆ, ಸರೋವರ ಎಲ್ಲ ಸೇರಿ ಉಳಿದ ಒಂದು ಪಾಲು. ಜಗತ್ತಿನ ಜನ ಮನೆಬಳಕೆಗೆ ತೆಗೆಯುವ ನೀರಿನಲ್ಲಿ ಸುಮಾರು ಅರ್ಧ ನೆಲದೊಳಗಿಂದಲೇ ಬರುತ್ತದೆ. ಎಲ್ಲ ದೇಶಗಳಿಗಿಂತ ಜಾಸ್ತಿ ಎತ್ತುವುದು ಭಾರತ, ಜಗತ್ತಿನ ಒಟ್ಟಿನಲ್ಲಿ ಸುಮಾರು ಕಾಲು ಭಾಗ.

ಇದನ್ನು ಆಕಾಶದಿಂದ ತೂಗಿದ್ದಾರೆ. 2002ರಲ್ಲಿ ಗ್ರೇಸ್ ಅನ್ನುವ ಜೋಡಿ ಉಪಗ್ರಹ ಹಾರಿಸಿದರು. ಒಂದರ ಹಿಂದೆ ಒಂದು, ನಡುವೆ ಸುಮಾರು 220 ಕಿಲೋಮೀಟರ್. ಕೆಳಗೆ ನೆಲ ಸ್ವಲ್ಪ ಭಾರವಾಗಿದ್ದರೆ ಮುಂದಿನದನ್ನು ಮೊದಲು ಎಳೆಯುತ್ತದೆ, ನಡುವಿನ ಅಂತರ ಬದಲಾಗುತ್ತದೆ, ಆ ಬದಲಾವಣೆ ಕೂದಲೆಳೆಗಿಂತ ಕಡಿಮೆ ಇದ್ದರೂ ಅಳೆಯುತ್ತಾರೆ. ನೀರು ಖಾಲಿಯಾದರೆ ನೆಲ ಹಗುರ ಆಗುತ್ತದೆ ಅಲ್ವಾ, ಅದು ಅಲ್ಲಿ ಗೊತ್ತಾಗುತ್ತದೆ. ಭಾರತದ ರಾಜಸ್ಥಾನ, ಪಂಜಾಬ್, ಹರಿಯಾಣದ ಕೆಳಗಿನಿಂದ 2002ರ ಆಗಸ್ಟ್‌ನಿಂದ 2008ರ ಅಕ್ಟೋಬರ್ ಒಳಗೆ 109 ಘನ ಕಿಲೋಮೀಟರ್ ನೀರು ಹೋಗಿದೆ ಅಂತ 2009ರಲ್ಲಿ ಪ್ರಕಟವಾಯಿತು. ಆ ವರ್ಷಗಳಲ್ಲಿ ಅಲ್ಲಿ ಮಳೆ ಹೆಚ್ಚುಕಡಿಮೆ ಮಾಮೂಲಿನಷ್ಟೇ ಬಂದಿತ್ತು. ನಿಮ್ಮ ಪ್ರಶ್ನೆಗೆ ಸರಿಯಾದ ಉತ್ತರ ಇದೇ ಅನ್ನಿಸುತ್ತದೆ. ಮಳೆ ಕೈಕೊಟ್ಟಿರಲಿಲ್ಲ, ಎತ್ತಿದ್ದು ಜಾಸ್ತಿಯಾಗಿತ್ತು.

ಇನ್ನೂ ಒಂದಿದೆ, ಮೊದಲ ಸಲ ಓದಿದಾಗ ನನಗೆ ರಾತ್ರಿ ನಿದ್ದೆ ಬರಲಿಲ್ಲ. 1993ರಿಂದ 2010ರವರೆಗೆ ಮನುಷ್ಯರು ಎತ್ತಿ ಕಡಲಿಗೆ ಸೇರಿಸಿದ ಅಂತರ್ಜಲ ಸುಮಾರು 2,150 ಗಿಗಾಟನ್ ಅಂತ ಒಂದು ಅಂದಾಜು (ಒಂದು ಗಿಗಾಟನ್ ಅಂದರೆ ನೂರು ಕೋಟಿ ಟನ್). ಇಷ್ಟು ಭಾರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋದದ್ದರಿಂದ ಭೂಮಿ ತಿರುಗುವ ಧ್ರುವವೇ 80 ಸೆಂಟಿಮೀಟರ್‌ನಷ್ಟು ಸರಿದಿದೆ ಅಂತ 2023ರ ಅಧ್ಯಯನ ಹೇಳಿತು. ಬೋರ್ ನೀರು, ಮೋಟಾರ್ ಸ್ವಿಚ್, ಇಷ್ಟರಿಂದ.

ಮಣ್ಣಿನಗುಣ
ನಾನು ಬೇಸಾಯ ಮಾಡುವವನು. ಇಂಥ ಮಾತುಕತೆ ಎಲ್ಲೇ ನಡೆದರೂ ಕೊನೆಗೆ ರೈತ ನೀರು ಹಾಳು ಮಾಡುತ್ತಾನೆ ಅನ್ನುವಲ್ಲಿಗೆ ಬಂದು ನಿಲ್ಲುತ್ತದೆ. ಎತ್ತುವ ಅಂತರ್ಜಲದಲ್ಲಿ ಹೆಚ್ಚಿನದು ಹೊಲಕ್ಕೆ ಹೋಗುತ್ತದೆ, ಒಪ್ಪುತ್ತೇನೆ. ಆದರೆ ಆ ನೀರು ನಮ್ಮ ಹೊಟ್ಟೆಗೆ ಮಾತ್ರ ಹೋಗುವುದಿಲ್ಲ, ಓದುತ್ತಿರುವ ಎಲ್ಲರ ತಟ್ಟೆಗೂ ಬರುತ್ತದೆ. ಬೆಳೆ ಒಣಗುತ್ತಿರುವಾಗ ಪಕ್ಕದವನು ಮೋಟಾರ್ ಹಾಕಿದ್ದರೆ ನಾನು ಆಫ್ ಮಾಡಿ ಕೂತರೆ ಏನು ಪ್ರಯೋಜನ? ನಾನು ಬಿಟ್ಟ ನೀರನ್ನು ಅವನು ಎತ್ತುತ್ತಾನೆ. ಅವನೂ ನನ್ನ ಬಗ್ಗೆ ಹೀಗೇ ಯೋಚಿಸುತ್ತಾನೆ. ಇಬ್ಬರೂ ಕೆಟ್ಟವರಲ್ಲ.

ನಾನು ಹನಿ ನೀರಾವರಿ ಹಾಕಿಸಿದ್ದೇನೆ. ಅದರಿಂದ ಉಳಿತಾಯ ಆಗುವುದಿಲ್ಲವಾ?

ಲೆಕ್ಕಿಗ
ಅಣ್ಣ, ನಿಮ್ಮ ಮಾತು ನೂರಕ್ಕೆ ನೂರು ನಿಜ. ಬೈಯುವುದು ನನ್ನ ಉದ್ದೇಶ ಅಲ್ಲ. ಹನಿ ನೀರಾವರಿ ಒಳ್ಳೆಯದೇ, ಕರೆಂಟು ಉಳಿಯುತ್ತದೆ, ಗೊಬ್ಬರ ಉಳಿಯುತ್ತದೆ, ಬೆಳೆಯೂ ಚೆನ್ನಾಗಿ ಬರುತ್ತದೆ. ಆದರೆ ನೆಲದೊಳಗಿನ ನೀರು ಉಳಿಯುತ್ತದಾ ಅಂದರೆ, ತನ್ನಷ್ಟಕ್ಕೆ ಉಳಿಯುವುದಿಲ್ಲ. ಮೊದಲು ಕಾಲುವೆಯಲ್ಲಿ ಬಿಟ್ಟಾಗ ಜಾಸ್ತಿಯಾದ ನೀರಲ್ಲಿ ಒಂದು ಭಾಗ ಮತ್ತೆ ಇಂಗಿ ಕೆಳಗೆ ಹೋಗುತ್ತಿತ್ತು. ಈಗ ಎತ್ತಿದ ನೀರಲ್ಲಿ ಹೆಚ್ಚಿನದು ಗಿಡಕ್ಕೇ ಹೋಗಿ ಎಲೆಯಿಂದ ಆವಿಯಾಗುತ್ತದೆ. ಆಮೇಲೆ ಉಳಿದ ನೀರಲ್ಲಿ ಇನ್ನೊಂದು ತುಂಡು ಹೊಲಕ್ಕೂ ಪೈಪ್ ಎಳೆಯೋಣ ಅನ್ನಿಸುತ್ತದೆ. ಅದು ಯಾರಿಗೂ ಅನ್ನಿಸುತ್ತದೆ. 2018ರಲ್ಲಿ ಕೆಲವು ವಿಜ್ಞಾನಿಗಳು ಬೇರೆ ಬೇರೆ ದೇಶಗಳ ಅನುಭವ ಒಟ್ಟುಗೂಡಿಸಿ ಇದನ್ನೇ ಬರೆದರು. ಒಟ್ಟು ಎಷ್ಟು ಎತ್ತಬಹುದು ಅಂತ ಮಿತಿ ಇಲ್ಲದೆ ಬರೀ ಹನಿ, ತುಂತುರು ಹಾಕಿದರೆ ಅಂತರ್ಜಲ ಉಳಿಯುವುದು ಅಪರೂಪ ಅಂತ.

ಹಳೇಒರತೆ
ನಡುವೆ ಒಂದು ಮಾತು. ಇರಾನ್‌ನಲ್ಲಿ ಖನಾತ್ ಅಂತ ಇವೆ. ಬೆಟ್ಟದ ಬುಡದಲ್ಲಿ ನೀರು ಇರುವ ಪದರದವರೆಗೆ ಸುರಂಗ ತೋಡಿ, ಸ್ವಲ್ಪವೇ ಇಳಿಜಾರು ಕೊಟ್ಟು ಊರಿನವರೆಗೆ ತರುತ್ತಾರೆ. ಪಂಪ್ ಇಲ್ಲ, ನೀರು ತಾನೇ ಹರಿದು ಬರುತ್ತದೆ. ಅಂತರ್ಜಲ ಇಳಿದರೆ ಸುರಂಗದಲ್ಲೂ ನೀರು ತಾನಾಗಿ ಕಡಿಮೆಯಾಗುತ್ತದೆ. ಎಷ್ಟೇ ಆಸೆ ಇದ್ದರೂ ಸುರಂಗದ ಮಟ್ಟಕ್ಕಿಂತ ಕೆಳಗಿನ ನೀರು ಕೈಗೆ ಸಿಗುವುದಿಲ್ಲ. ಶತಮಾನಗಳಿಂದ ನೀರು ಕೊಡುತ್ತಿದ್ದ ಎಷ್ಟೋ ಖನಾತ್‌ಗಳು ಸುತ್ತ ಬೋರ್ ಬಂದ ಮೇಲೆ ಬತ್ತಿವೆ. ಉಳಿದವುಗಳಲ್ಲಿ 11ನ್ನು 2016ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಕಪಿಲೆ, ಏತ, ರಾಟೆ ಎಲ್ಲವೂ ಹಾಗೇ ತಾನೇ. ಎತ್ತಿಗೆ, ಮನುಷ್ಯನಿಗೆ ದಣಿವಾಗುತ್ತಿತ್ತು. ಮೋಟಾರ್‌ಗೆ ದಣಿವಿಲ್ಲ.

ಕಡಲತಡಿ
ಕಡಲ ಹತ್ತಿರ ಇರುವವರಿಗೆ ಬೇರೆಯದೇ ಭಯ. ನೆಲದೊಳಗೆ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ, ಯಾಕೆಂದರೆ ಅದು ಸ್ವಲ್ಪ ಹಗುರ. ಸಿಹಿನೀರಿನ ಮಟ್ಟ ಕಡಲಿಗಿಂತ 1 ಮೀಟರ್ ಮೇಲಿದ್ದರೆ ಕಡಲ ಮಟ್ಟದ ಕೆಳಗೆ ಸುಮಾರು 40 ಮೀಟರ್‌ವರೆಗೆ ಸಿಹಿನೀರೇ ಇರುತ್ತದೆ. ಕೇಳಲು ಚೆನ್ನಾಗಿದೆ ಅಲ್ವಾ? ತಿರುಗಿಸಿ ನೋಡಿ. ನೀವು ಎತ್ತಿ ಎತ್ತಿ ಮಟ್ಟವನ್ನು 1 ಮೀಟರ್ ಇಳಿಸಿದರೆ ಕೆಳಗಿನಿಂದ ಉಪ್ಪುನೀರು ನಿಧಾನಕ್ಕೆ 40 ಮೀಟರ್ ಏರಿ ಬರುತ್ತದೆ. ಅಂಥ ಕಡೆ ಆಳಕ್ಕೆ ಕೊರೆಸಿ ಅಂತ ಹೇಳುವುದು ಉಪ್ಪುನೀರಿನ ಕಡೆಗೆ ಕೊರೆಸಿ ಅಂತ ಹೇಳಿದ ಹಾಗೆ. ಒಮ್ಮೆ ಉಪ್ಪು ಹೊಕ್ಕ ಪದರ ಮತ್ತೆ ಸಿಹಿಯಾಗಲು ಎಷ್ಟೋ ವರ್ಷ ಬೇಕು.

ಕೊಡಪಾನ
ಒಂದು ಅನುಮಾನ. ನೆಲ ಕುಸಿಯುತ್ತದೆ ಅಂತಾರಲ್ಲ, ಅದು ನಿಜವಾ? ಮತ್ತೆ ನೀರು ತುಂಬಿದರೆ ನೆಲ ಏಳುತ್ತದಾ?

ಸೆಲೆಹುಡುಕ
ನಿಜ. ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯಲ್ಲಿ 1977ರಲ್ಲಿ ತೆಗೆದ ಒಂದು ಫೋಟೋ ಇದೆ. ಜೋಸೆಫ್ ಪೋಲಂಡ್ ಅನ್ನುವ ಭೂವಿಜ್ಞಾನಿ ವಿದ್ಯುತ್ ಕಂಬದ ಬುಡದಲ್ಲಿ ನಿಂತಿದ್ದಾರೆ. ಕಂಬದ ಮೇಲೆ ಎತ್ತರದಲ್ಲಿ 1925 ಅಂತ ಫಲಕ, ನಡುವೆ 1955, ಕೆಳಗೆ ಅವರ ಪಕ್ಕದಲ್ಲಿ 1977. 1925ರಲ್ಲಿ ಹೊಲದ ನೆಲ ಆ ಮೇಲಿನ ಫಲಕದ ಎತ್ತರದಲ್ಲಿತ್ತು. 50 ಚಿಲ್ಲರೆ ವರ್ಷದಲ್ಲಿ ಸುಮಾರು 9 ಮೀಟರ್ ಇಳಿದಿತ್ತು, ಮೂರಂತಸ್ತಿನ ಮನೆಯಷ್ಟು. ಹೊಲದಲ್ಲಿ ನಿಂತವರಿಗೆ ಗೊತ್ತೇ ಆಗುವುದಿಲ್ಲ, ಯಾಕೆಂದರೆ ಇಡೀ ಕಣಿವೆಯೇ ನಿಧಾನಕ್ಕೆ ಇಳಿದದ್ದು. ಮೆಕ್ಸಿಕೋ ನಗರದಲ್ಲಿ 1910ರಲ್ಲಿ ಕಟ್ಟಿದ ಸ್ವಾತಂತ್ರ್ಯ ಸ್ಮಾರಕ ಇದೆ. ಅದರ ಅಡಿಪಾಯ ಆಳವಾದದ್ದು, ಅದು ಅಲ್ಲೇ ನಿಂತಿತು. ಸುತ್ತಲಿನ ಬೀದಿ ಕೆಳಗೆ ಹೋಯಿತು, ಹೋದ ಹಾಗೆ ಮೆಟ್ಟಿಲು ಸೇರಿಸುತ್ತಾ ಬಂದರು. ಹಾಗೆ ಸೇರಿಸಿದ್ದು 14 ಮೆಟ್ಟಿಲು.

ಆಗುವುದು ಏನೆಂದರೆ, ಮರಳಿನ ಪದರಗಳ ನಡುವೆ ಜೇಡಿಮಣ್ಣಿನ ಪದರ ಇರುತ್ತದೆ. ಜೇಡಿಯ ಕಣಗಳು ಚಪ್ಪಟೆ, ಅಡ್ಡಾದಿಡ್ಡಿ ಜೋಡಿಸಿಕೊಂಡು ನಡುವೆ ನೀರು ಹಿಡಿದಿರುತ್ತವೆ. ಮೇಲಿನ ಭಾರದಲ್ಲಿ ಒಂದು ಭಾಗವನ್ನು ಆ ನೀರೇ ಹೊತ್ತಿರುತ್ತದೆ. ಮರಳಿನಿಂದ ನೀರೆತ್ತಿದರೆ ಜೇಡಿಯಿಂದ ನೀರು ಜಿನುಗಿ ಅದಕ್ಕೆ ಸೇರುತ್ತದೆ, ಕಣಗಳು ಒಂದರ ಮೇಲೊಂದು ಒತ್ತಿ ಕೂರುತ್ತವೆ. ಕಟ್ಟಿಟ್ಟ ವೀಳ್ಯದೆಲೆ ಕಂತೆಯ ಹಾಗೆ. ಆಮೇಲೆ ನೀರು ಬಂದರೂ ಅವು ಬಿಡಿಸಿಕೊಳ್ಳುವುದಿಲ್ಲ. ನೆಲ ಒಂದಿಷ್ಟು ಉಬ್ಬಬಹುದು, ಮೊದಲಿನಷ್ಟು ಏಳುವುದಿಲ್ಲ. ಅಷ್ಟು ನೀರು ಹಿಡಿಯುವ ಜಾಗ ಹೋಯಿತು ಅಂತ ಅರ್ಥ. "ಒಳ್ಳೆ ಮಳೆ ಬಂದರೆ ತುಂಬಿಕೊಳ್ಳುತ್ತದೆ" ಅನ್ನುವ ಮಾತು ನನಗೆ ಹೆದರಿಕೆ ತರುವುದು ಇದಕ್ಕೇ. ಬಂಡೆಯ ಬಿರುಕು ಹೀಗೆ ಕೂತುಕೊಳ್ಳುವುದಿಲ್ಲ, ಅಷ್ಟರಮಟ್ಟಿಗೆ ಬಂಡೆ ನೆಲದವರಿಗೆ ಸಮಾಧಾನ.

ಹಳೇಒರತೆ
ಹೊಳೆಗಳ ವಿಷಯ ಯಾರೂ ಎತ್ತಲಿಲ್ಲ. ಬೇಸಿಗೆಯಲ್ಲಿ ಮಳೆ ಇಲ್ಲದೆ ತಿಂಗಳುಗಟ್ಟಲೆ ಆದರೂ ಹೊಳೆ ಹರಿಯುತ್ತಿತ್ತಲ್ಲ, ಆ ನೀರು ಎಲ್ಲಿಂದ ಬರುತ್ತಿತ್ತು ಅಂದುಕೊಂಡಿದ್ದೀರಿ? ದಂಡೆಯ ಒಳಗಿಂದ, ತಳದಿಂದ ಜಿನುಗುವ ಅಂತರ್ಜಲ ಅದು. ಮಟ್ಟ ಹೊಳೆಯ ತಳಕ್ಕಿಂತ ಕೆಳಗೆ ಹೋದರೆ ಜಿನುಗುವುದು ನಿಲ್ಲುತ್ತದೆ, ಆಮೇಲೆ ಹೊಳೆಯ ನೀರೇ ನೆಲದೊಳಗೆ ಇಳಿಯುತ್ತದೆ. ಅಮೆರಿಕದ ಜಲವಿಜ್ಞಾನಿ ಚಾರ್ಲ್ಸ್ ಥೈಸ್ 1940ರಲ್ಲೇ ಇದನ್ನು ಬಿಡಿಸಿ ಬರೆದರು. ಬಾವಿಯಿಂದ ಎತ್ತಿದ ನೀರು ಬೇರೆ ಎಲ್ಲಿಂದಲೋ ಕಡಿಮೆಯಾಗಿಯೇ ಬರಬೇಕು. ನೆಲದೊಳಗಿನ ಸಂಗ್ರಹದಿಂದ ಬರಬೇಕು, ಇಲ್ಲ ಹೊಳೆಗೆ, ಒರತೆಗೆ, ಮರಕ್ಕೆ ಹೋಗಬೇಕಾದ ನೀರಿನಿಂದ ಬರಬೇಕು, ಇಲ್ಲ ಇಂಗುವುದೇ ಜಾಸ್ತಿ ಆಗಬೇಕು. ಹಾಗಾಗಿ "ವರ್ಷಕ್ಕೆ ಎಷ್ಟು ಇಂಗುತ್ತದೋ ಅಷ್ಟು ಎತ್ತಿದರೆ ತೊಂದರೆ ಇಲ್ಲ" ಅನ್ನುವ ಲೆಕ್ಕವೂ ಸರಿಯಲ್ಲ. ಇಂಗಿದ ಅಷ್ಟೂ ನೀರನ್ನು ನಾವೇ ಎತ್ತಿದರೆ ಹೊಳೆಗೆ ಏನು ಉಳಿಯಿತು?

ಬಾವಿಕಟ್ಟೆ
ಎಲ್ಲ ಓದಿದೆ. ಮನಸ್ಸು ಭಾರವಾಯಿತು. ಮತ್ತೆ ಸರಿ ಮಾಡಿಕೊಂಡವರು ಎಲ್ಲೂ ಇಲ್ಲವಾ?

ಸೆಲೆಹುಡುಕ
ಇದ್ದಾರೆ. ಟೋಕಿಯೋದ ಪೂರ್ವ ಭಾಗ ಕಾರ್ಖಾನೆಗಳು ನೀರೆತ್ತಿದ್ದರಿಂದ ಕೆಲವು ಕಡೆ 4 ಮೀಟರ್‌ಗಿಂತ ಜಾಸ್ತಿ ಕುಸಿದಿತ್ತು. ಜಪಾನ್‌ನವರು 1956ರಲ್ಲಿ ಕಾರ್ಖಾನೆಗಳಿಗೆ, 1962ರಲ್ಲಿ ದೊಡ್ಡ ಕಟ್ಟಡಗಳಿಗೆ ಕಾನೂನು ತಂದರು, ಹೊಳೆಯಿಂದ ಬೇರೆ ನೀರು ಕೊಟ್ಟರು. ಕುಸಿತ ನಿಂತಿತು. ನೀರು ಎಷ್ಟು ಮೇಲೆ ಬಂತು ಅಂದರೆ, ಮಟ್ಟ ಕೆಳಗಿದ್ದ ಕಾಲದಲ್ಲಿ ಕಟ್ಟಿದ್ದ ನೆಲದಡಿಯ ರೈಲು ನಿಲ್ದಾಣಗಳನ್ನು ಕೆಳಗಿನಿಂದ ನೀರು ಎತ್ತತೊಡಗಿತು. ಟೋಕಿಯೋ ನಿಲ್ದಾಣ ಮೇಲೆ ಏಳದ ಹಾಗೆ ಅದನ್ನು ನೆಲಕ್ಕೆ ಬಿಗಿದು ಕಟ್ಟಬೇಕಾಯಿತು. ಕುಸಿದ ನೆಲ ಮಾತ್ರ ಕುಸಿದೇ ಇದೆ, ಅದನ್ನೂ ಹೇಳಿಬಿಡಬೇಕು.

2024ರಲ್ಲಿ 40ಕ್ಕೂ ಹೆಚ್ಚು ದೇಶಗಳ ಸುಮಾರು 1,70,000 ಬಾವಿಗಳ ಅಳತೆ ನೋಡಿದ ಅಧ್ಯಯನ ಬಂತು. ಒಣ ಪ್ರದೇಶದ ಬೇಸಾಯದ ಕಡೆ ಮಟ್ಟ ಬೇಗ ಬೇಗ ಇಳಿಯುತ್ತಿದೆ, ನಿಜ. ಆದರೆ ಮಿತಿ ಹಾಕಿದ ಕಡೆ, ಬೇರೆ ಕಡೆಯಿಂದ ನೀರು ತಂದ ಕಡೆ, ಇಂಗಿಸಿದ ಕಡೆ ಮೇಲೆ ಬಂದ ಉದಾಹರಣೆಗಳೂ ಅದರಲ್ಲೇ ಇವೆ.

ಲೆಕ್ಕಿಗ
ಮಣ್ಣಿನಗುಣ ಅಣ್ಣನ ಪ್ರಶ್ನೆಗೂ ಉತ್ತರ ಇದೆ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಂ 1965ರಲ್ಲಿ ಮುಗಿಸಿದ ಡಾಕ್ಟರೇಟ್‌ನ ವಿಷಯವೇ ಲಾಸ್ ಏಂಜಲೀಸ್ ಹತ್ತಿರದ ಅಂತರ್ಜಲ. ಎಲ್ಲರೂ ಎತ್ತಿ ಎತ್ತಿ ಕಡಲ ನೀರು ಒಳಗೆ ನುಗ್ಗುತ್ತಿತ್ತು. ನೀರೆತ್ತುವವರೇ ಒಟ್ಟಿಗೆ ಕೂತು, ಯಾರು ಎಷ್ಟು ಎತ್ತುತ್ತಾರೆ ಅಂತ ಮೊದಲು ಬರೆದಿಟ್ಟು, ಕೋರ್ಟಿನ ಮುಂದೆ ಎಲ್ಲರೂ ಕಡಿಮೆ ಮಾಡಲು ಒಪ್ಪಿದರು. ಪಕ್ಕದವನೂ ಕಡಿಮೆ ಮಾಡಿದ್ದಾನೆ ಅಂತ ನೋಡಲು ಅಳತೆ ಇತ್ತು, ಅದಕ್ಕೇ ನಂಬಿಕೆ ಬಂತು. ನೀವು ಒಬ್ಬರೇ ಮೋಟಾರ್ ಆಫ್ ಮಾಡಿ ಅಂತ ಯಾರೂ ಕೇಳಬಾರದು ಅಣ್ಣ. ಅಳತೆಯಿಂದ ಶುರು ಮಾಡೋಣ.

ಸೆಲೆಹುಡುಕ
ಅಳೆಯುವುದು ಕಷ್ಟ ಅಲ್ಲ. ಉಕ್ಕಿನ ಉದ್ದ ಟೇಪ್ ತೆಗೆದುಕೊಂಡು ತುದಿಗೆ ಸಣ್ಣ ತೂಕ ಕಟ್ಟಿ. ಕೊನೆಯ ಎರಡು ಮೀಟರ್‌ಗೆ ಸೀಮೆಸುಣ್ಣ ತಿಕ್ಕಿ. ರಾತ್ರಿಯಿಡೀ ಮೋಟಾರ್ ನಿಲ್ಲಿಸಿರಬೇಕು, ಫ್ಯೂಸ್ ತೆಗೆದಿಡಿ. ಕೇಸಿಂಗ್ (ಬೋರ್‌ಗೆ ಇಳಿಸಿರುವ ಹೊರ ಪೈಪ್) ಬಾಯಿಯ ಹತ್ತಿರ ಸರಿಯಾಗಿ 40 ಮೀಟರ್ ಬರುವ ಹಾಗೆ ಇಳಿಸಿ, ಮೇಲಕ್ಕೆತ್ತಿ. ಸುಣ್ಣ ನೆನೆದದ್ದು 1.3 ಮೀಟರ್ ಅಂದರೆ ನೀರು 38.7 ಮೀಟರ್‌ನಲ್ಲಿದೆ. ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆಯಿರಿ. ತಿಂಗಳಿಗೊಂದು ಸಲ, ಅದೇ ಹೊತ್ತಿಗೆ.

ಬಾವಿಕಟ್ಟೆ
ಒಂಬತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ನಿನ್ನೆ ಬೆಳಿಗ್ಗೆ 6ಕ್ಕೆ ಅಳೆದೆ, 41.2 ಮೀಟರ್. ನಮ್ಮ ಮೋಟಾರ್ ಹಾಕಲೇ ಇಲ್ಲ. 8 ಗಂಟೆಗೆ ಪಕ್ಕದವರು ತಮ್ಮದು ಹಾಕಿದರು. ಒಂದೂವರೆ ಗಂಟೆ ಬಿಟ್ಟು ಮತ್ತೆ ಇಳಿಸಿದೆ. 43 ಮೀಟರ್. ಸುಣ್ಣದ ಗೆರೆ ನೋಡಿ ನಂಬಿಕೆ ಬರಲಿಲ್ಲ, ಟೇಪ್ ಒರೆಸಿ ಮತ್ತೆ ಅಳೆದೆ, ಅದೇ ಬಂತು. ಪಕ್ಕದವರನ್ನು ಕರೆದು ತೋರಿಸಿದೆ. ಅವರೂ ಟೇಪ್ ಹಿಡಿದು ನೋಡಿದರು, ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ "ಹಾಗಾದರೆ ನೀನು ಹಾಕಿದಾಗ ನನ್ನದೂ ಇಳಿಯುತ್ತದೆ" ಅಂದರು. ರಿಗ್‌ನವರಿಗೆ ಸದ್ಯಕ್ಕೆ ಬೇಡ ಅಂತ ಫೋನ್ ಮಾಡಿದ್ದೇನೆ. ಭಾನುವಾರ ಅವರ ಮೋಟಾರ್ ನಿಲ್ಲಿಸಿ, ನಮ್ಮದು ಹಾಕಿ ಅವರ ಬೋರ್ ಅಳೆಯಬೇಕು ಅಂತಿದ್ದೇವೆ. ಆದರೆ ಅವರ ಕೇಸಿಂಗ್ ಮುಚ್ಚಳದಲ್ಲಿ ಟೇಪ್ ಹೋಗಲು ಸಂದಿಯೇ ಇಲ್ಲ. ಏನು ಮಾಡುವುದು?

ಸೆಲೆಹುಡುಕ
ಮುಚ್ಚಳಕ್ಕೆ ಒಂದು ತೂತು ಹಾಕಿಸಿ, ಅಳೆದ ಮೇಲೆ ಬಿರಡೆ ಹಾಕಿ ಮುಚ್ಚಲು ಮರೆಯಬೇಡಿ, ಕೊಳಕು ಒಳಗೆ ಹೋಗಬಾರದು. ಕೇಬಲ್‌ಗೆ ಟೇಪ್ ಸಿಕ್ಕಿಕೊಳ್ಳುವ ಹಾಗಿದ್ದರೆ ಬಲವಂತ ಮಾಡಬೇಡಿ. ಮುಂದಿನ ಸಲ ರಿಪೇರಿಗೆ ಪಂಪ್ ಮೇಲೆತ್ತಿದಾಗ ಅದರ ಜೊತೆಗೇ ಮುಕ್ಕಾಲು ಇಂಚಿನ ಪಿವಿಸಿ ಪೈಪ್ ಕಟ್ಟಿ ಇಳಿಸಿಬಿಡಿ, ಟೇಪ್ ಅದರೊಳಗೆ ಆರಾಮಾಗಿ ಹೋಗುತ್ತದೆ. ಭಾನುವಾರದ ಅಳತೆ ಇಲ್ಲೇ ಹಾಕಿ.

ಮಣ್ಣಿನಗುಣ
ಟೇಪ್ ಎಷ್ಟು ಉದ್ದದ್ದು ತಂದಿರಿ? ನನಗೂ ಒಂದು ಬೇಕು.